ಕರೆಯದೆ ಕೊಟ್ಟ ಹಾಜರಿ

ಕೊರೊನಾದ ಗದ್ದಲ ಮುಗಿದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ ವರ್ಷ ಅದು. ಮುಂದೂಡಿದ್ದ ಲಗ್ನಗಳೆಲ್ಲ ಒಂದೇ ಬೇಸಿಗೆಯಲ್ಲಿ ಮೈಮೇಲೆ ಬಂದಿದ್ದವು. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕಾಗವಾಡದಿಂದ ಕುಡಚಿ, ರಾಯಬಾಗದ ಮೇಲೆ ಹಾದು ಚಿಕ್ಕೋಡಿಗೆ ಹೋಗುವುದು, ತಿರುಗಿ ಬರುವುದು, ಇದೇ ನನ್ನ ದಿನಚರಿ. ಆ ಬೇಸಿಗೆಯಲ್ಲಂತೂ ಬಸ್ಸಿನೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಡಿಲಲ್ಲಿ ಒಂದು ಮಗು, ಕೈಯಲ್ಲಿ ಬುಂದಿಯ ಪುಡಿಕೆ, ಎಲ್ಲರೂ ಯಾವುದೋ ಲಗ್ನಕ್ಕೆ ಹೊರಟವರೇ.

ನನ್ನ ಜಾತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಾಲು ಓದುವ ಮೊದಲು ನೀವು ಜೇಬು ಮುಟ್ಟಿ ನೋಡಿಕೊಳ್ಳುತ್ತೀರಿ. ಸಿಟ್ಟಿನಿಂದ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಬ್ರಿಟಿಷರು ತಮ್ಮ ಕಾಲದಲ್ಲಿ ಕೆಲವು ಜಾತಿಗಳನ್ನು ಹುಟ್ಟುಗಳ್ಳರೆಂದು ತೀರ್ಮಾನಿಸಿ ಕಾಯ್ದೆ ಮಾಡಿದ್ದರು. ಅವುಗಳಲ್ಲಿ ನಮ್ಮದೂ ಒಂದು. ನನ್ನ ಅಪ್ಪ ಹುಟ್ಟಿದ್ದೇ ತಂತಿ ಬೇಲಿಯೊಳಗೆ. ಅದನ್ನು ಹಿರಿಯರು ಸೆಟ್ಲಮೆಂಟು ಎನ್ನುತ್ತಿದ್ದರು. ಅಲ್ಲಿ ದಿನವೂ ಎಲ್ಲರೂ ಸಾಲಾಗಿ ನಿಂತು, ಹೆಸರು ಕೂಗಿದಾಗ ‘ಹಾಜರ್’ ಎನ್ನಬೇಕಿತ್ತು. ಮಾತು ಬಾರದ ಕೂಸಿನ ಹೆಸರು ಬಂದರೆ ತಾಯಿ ಅದನ್ನು ಎತ್ತಿ ತೋರಿಸಬೇಕಿತ್ತು. ಹಾಗೆ ಎತ್ತಿ ತೋರಿಸಿದ ಕೂಸುಗಳಲ್ಲಿ ನನ್ನ ಅಪ್ಪನೂ ಒಬ್ಬ.

ಸ್ವಾತಂತ್ರ್ಯ ಬಂತು, ಕಾಯ್ದೆ ಹೋಯಿತು, ಬೇಲಿ ಕಿತ್ತರು. ಆದರೆ ಹಾಜರಿ ಹೋಗಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿ ಏನೇ ಕಳವಾದರೂ ಪೊಲೀಸರ ಜೀಪು ಮೊದಲು ನಮ್ಮ ಜನ ನೆಲೆಸಿದ ಕಾಲೋನಿಗೆ ಬರುತ್ತಿತ್ತು. ಆಗ ನಮ್ಮ ಹಿರಿಯರು ತಮ್ಮದೇ ಒಂದು ದಾರಿ ಕಂಡುಕೊಂಡರು. ಕಳವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ, ಕರೆಯಲು ಯಾರೂ ಬರುವ ಮೊದಲೇ, ತಾವೇ ಠಾಣೆಗೆ ಹೋಗಿ ಕುಳಿತುಬಿಡುವುದು. ಅಪ್ಪ ಹೇಳುತ್ತಿದ್ದ: “ಎಳಕೊಂಡ ಹೋದ್ರ ಬಡಿತ, ನಾವಾಗಿ ಹೋದ್ರ ಬರೇ ಬೈಗಳ. ಬೈಗಳಕ್ಕ ಬಾವು ಬರೂದಿಲ್ಲ.” ಹೋಗುವ ದಿನ ಅಪ್ಪ ಜಳಕ ಮಾಡುತ್ತಿದ್ದ, ಒಗೆದ ಧೋತರ ಉಡುತ್ತಿದ್ದ, ರೊಟ್ಟಿ ಕಟ್ಟಿಕೊಳ್ಳುತ್ತಿದ್ದ. ನೋಡಿದವರು ಬೀಗರ ಊರಿಗೆ ಹೊರಟಿದ್ದಾನೆ ಎಂದುಕೊಳ್ಳಬೇಕು. ಹಳೆಯ ಹವಾಲ್ದಾರರಿಗೆ ಈ ಪದ್ಧತಿ ಗೊತ್ತಿತ್ತು. ಅವರು “ಬಂದ್ಯಾ, ಕೂಡು” ಎಂದು ಒಂದಿಷ್ಟು ಹೊತ್ತು ಕೂಡಿಸಿ, ಎರಡು ಮಾತು ಬೈದು ಕಳಿಸುತ್ತಿದ್ದರು. ಕೆಲವರು ಚಹಾ ಕುಡಿಸಿದ್ದೂ ಉಂಟು.

“ಈಗ ಕಾಲ ಬದಲಾಗೈತಿ, ಹೋಗಬ್ಯಾಡಪಾ” ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅಪ್ಪ ಹೂಂ ಅನ್ನುತ್ತಿದ್ದ. ಹೂಂ ಅನ್ನುವುದಕ್ಕೂ ಕೇಳುವುದಕ್ಕೂ ಬಹಳ ದೂರ.

ಹಿಂದಿನ ರಾತ್ರಿ ನಾನು ಕಾಗವಾಡದಲ್ಲೇ ಉಳಿದಿದ್ದೆ. ಆ ದಿನ ಬೆಳಿಗ್ಗೆ ಅಲ್ಲಿಂದ ಹೊರಟ ಬಸ್ಸು ಕುಡಚಿಗೆ ಬಂದಾಗ ಇಬ್ಬರು ಹೆಂಗಸರು ಹತ್ತಿದರು. ಇಬ್ಬರೂ ಇಳಕಲ್ ಸೀರೆ ಉಟ್ಟಿದ್ದರು, ಲಗ್ನದ ಮಂದಿ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅವರಲ್ಲಿ ಹಿರಿಯಳು ದೊಡ್ಡ ಕುಂಕುಮ ಇಟ್ಟಿದ್ದಳು. ನಾನು ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡುತ್ತಿದ್ದೆ, ಅವರ ಮಾತು ಕಿವಿಗೆ ಬಿತ್ತು.

“ನಿನ್ನಿ ಲಗ್ನದಾಗ ಬೀಗರ ಬೋರಮಾಳ ಹೋತಂತಲ್ರಿ ಅಕ್ಕಾರ?” ಎಂದು ಕಿರಿಯಳು ಕೇಳಿದಳು. ಬೋರಮಾಳವೆಂದರೆ ಬಂಗಾರದ ಗುಂಡಿನ ಸರ, ನಮ್ಮ ಕಡೆಯ ಉಳ್ಳವರ ಮನೆಯ ಮರ್ಯಾದೆ.

“ಹೌದ ನೋಡು. ಕಳ್ಳ ಸಿಕ್ಕಾನಂತ. ಮುಂಜಾನೆ ಫೋನ್ ಬಂದಿತ್ತು. ಯಾವನೋ ಮುದುಕ. ತಾನ ಠಾಣ್ಯಾಕ ಬಂದು ಕುಂತಾನಂತ.”

“ತಾನ ಯಾಕ ಬಂದಾನ್ರಿ?”

“ಪಾಪ ಮಾಡಿದ ಮ್ಯಾಲ ಹೊಟ್ಟ್ಯಾಗ ಎಷ್ಟೊತ್ತು ಇಟಗೊಳ್ಳಾಕ ಬರತೈತಿ? ಆ ಕಾಲೋನಿ ಮಂದ್ಯಾಗಿನಾಂವಂತ.”

ನನ್ನ ಕೈಯಲ್ಲಿದ್ದ ಟಿಕೆಟ್ ಮಷೀನು ಒತ್ತುವುದೇ ಮರೆತುಹೋಯಿತು. ನಮ್ಮ ಕಾಲೋನಿಯಲ್ಲಿ ಈಗ ಹಾಗೆ ತಾನಾಗಿ ಠಾಣೆಗೆ ಹೋಗುವ ಮುದುಕ ಒಬ್ಬನೇ ಉಳಿದಿದ್ದ. ಉಳಿದವರೆಲ್ಲ ಮಣ್ಣಾಗಿದ್ದರು. ನಾನು ಆ ಹೆಂಗಸರ ಹತ್ತಿರ ಹೋಗಿ ಎಲ್ಲಿಗೆ ಎಂದು ಕೇಳಿದೆ. ಹಿರಿಯಳು ಊರಿನ ಹೆಸರು ಹೇಳಿ, ಸೆರಗನ್ನು ಕೊರಳಿನ ತುಂಬ ಹೊದ್ದುಕೊಂಡು, “ಕಂಡಕ್ಟರ್ರ, ಆ ಕಾಲೋನಿ ಹತ್ರ ಗಾಡಿ ನಿಂದ್ರಸಬ್ಯಾಡ್ರಿ. ಅಂಜಿಕಿ ಬರ್ತೈತಿ” ಅಂದಳು.

“ಸ್ಟಾಪ್ ಐತ್ರೀ ಅಕ್ಕಾರ, ನಿಂದ್ರಸಬೇಕಾಗತೈತಿ” ಎಂದೆ. ಟಿಕೆಟ್ ಕೊಟ್ಟು ಮುಂದೆ ಸರಿದೆ.

ಬಸ್ಸು ಬಿಟ್ಟು ಓಡಿಹೋಗುವಂತಿರಲಿಲ್ಲ. ಚಿಂಚಲಿಯಲ್ಲಿ ಇಳಿಯುವವರು, ಹತ್ತುವವರು, ಚಿಲ್ಲರೆಗಾಗಿ ಜಗಳ, ಮೇಕೆ ಮರಿಗೆ ಟಿಕೆಟ್ ಯಾಕೆ ಎಂಬ ವಾದ. ಎಲ್ಲವನ್ನೂ ಮುಗಿಸುತ್ತಲೇ ಮನೆಗೆ ಫೋನ್ ಮಾಡಿದೆ. ಹೆಂಡತಿ ಅಳುತ್ತಿದ್ದಳು. ಅಪ್ಪ ನಸುಕಿನಲ್ಲೇ ಚಹಾದಂಗಡಿಯಲ್ಲಿ ಸುದ್ದಿ ಕೇಳಿ, ಜಳಕ ಮಾಡಿ, ರೊಟ್ಟಿ ಕಟ್ಟಿಕೊಂಡು ಹೋಗಿದ್ದಾನೆ ಎಂದಳು. ಇನ್ನೂ ಬಂದಿಲ್ಲ, ಪೊಲೀಸರು ಬಿಡುತ್ತಿಲ್ಲ ಎಂದಳು. ನಮ್ಮ ಊರಿನ ಬಸ್ ನಿಲ್ದಾಣಕ್ಕೆ ಬಂದ ಮೇಲೆ ಕಂಟ್ರೋಲರ್ ಹತ್ತಿರ ಹೋಗಿ, ಅಪ್ಪನ ಆರೋಗ್ಯ ಕೆಟ್ಟಿದೆ ಎಂದು ಹೇಳಿ, ಬೇರೆ ಕಂಡಕ್ಟರಿಗೆ ಬ್ಯಾಗು ಒಪ್ಪಿಸಿ ಇಳಿದೆ.

ಠಾಣೆಯ ಹೆಸರು ಹೇಳುವುದಿಲ್ಲ. ಅಲ್ಲಿನ ಸಾಹೇಬರು ಈಗ ಬೇರೆ ಕಡೆ ವರ್ಗವಾಗಿ ಹೋಗಿದ್ದಾರೆ. ಮೈಸೂರು ಕಡೆಯವರು, ವಯಸ್ಸು ಚಿಕ್ಕದು. ಜಾತ್ರೆ, ಬಂದೋಬಸ್ತು, ಗಡಿ ತಂಟೆ ಎಂದು ನಿದ್ದೆಗೆಟ್ಟ ಕಣ್ಣು. ಅಪ್ಪ ಒಳಗೆ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ನನ್ನನ್ನು ನೋಡಿ, “ಡೂಟಿ ಬಿಟ್ಟ ಯಾಕ ಬಂದಿ?” ಎಂದು ನನ್ನನ್ನೇ ಗದರಿದ.

ನಾನು ಸಾಹೇಬರಿಗೆ ನಮಸ್ಕಾರ ಮಾಡಿ ಎಲ್ಲವನ್ನೂ ಹೇಳಿದೆ. ಸೆಟ್ಲಮೆಂಟು, ಹಾಜರಿ, ಹಿಂದಿನವರ ಪದ್ಧತಿ. ಅವರು ಪೂರ್ತಿ ಕೇಳಿದರು, ಅದನ್ನು ಅಲ್ಲಗಳೆಯಲಾರೆ. ಕೇಳಿ, ಮೇಜಿನ ಮೇಲೆ ಪೆನ್ನು ಕುಟ್ಟುತ್ತ ಹೇಳಿದರು: “ನೋಡಿ, ನಾನು ಠಾಣೆಗೆ ಬರೋ ಮೊದಲೇ ಈತ ಬಂದು ಕೂತಿದ್ದಾನೆ. ಕಂಪ್ಲೇಂಟ್ ಕೊಡೋಕೆ ಮದುವೆ ಮನೆಯವರು ಬಂದಿದ್ದು ಆಮೇಲೆ. ದೂರೇ ಬರದ ಕಳ್ಳತನ ಇವನಿಗೆ ಹೇಗೆ ಗೊತ್ತಾಯ್ತು? ಕೇಳಿದ್ರೆ ಹಾಜರಿ ಕೊಡೋಕೆ ಬಂದೆ ಅಂತಾನೆ. ಯಾರ ಹಾಜರಿ? ಯಾವ ಕಾಲದ ಹಾಜರಿ? ನನ್ನ ಜಾಗದಲ್ಲಿ ನೀವಿದ್ರೆ ನಂಬ್ತಿದ್ರಾ?”

“ಚಾದ ಅಂಗಡ್ಯಾಗ ಕೇಳ್ಯಾನ್ರಿ ಸಾಹೇಬ್ರ.”

“ಸಂಜೆಯೊಳಗೆ ಒಡವೆ ಬರ್ಬೇಕು. ಬರದಿದ್ರೆ ಈತನ ಮೇಲೆ ಕೇಸ್ ಹಾಕಿ ಕೋರ್ಟಿಗೆ ಕಳಿಸ್ತೀನಿ. ನಿಮ್ಮ ಕಾಲೋನಿ ಹುಡುಗರನ್ನೂ ಕರೆಸ್ತೀನಿ.”

ಅಪ್ಪನಿಗೆ ಎಂಬತ್ತು ದಾಟಿದೆ, ದಮ್ಮಿನ ಕಾಯಿಲೆ ಇದೆ. ಜೈಲಿಗೆ ಹೋದರೆ ತಿರುಗಿ ಬರುವ ಭರವಸೆ ನನಗಿರಲಿಲ್ಲ. ನಿವೃತ್ತರಾಗಿ ಕುಡಚಿಯಲ್ಲಿದ್ದ ಹಳೆಯ ಹವಾಲ್ದಾರರೊಬ್ಬರಿಗೆ ಫೋನ್ ಮಾಡಿದೆ. ಅಪ್ಪನಿಗೆ ಚಹಾ ಕುಡಿಸಿದವರಲ್ಲಿ ಅವರೂ ಒಬ್ಬರು. ಅವರು ಬಹಳ ನೊಂದುಕೊಂಡರು. “ನಾ ಹೇಳೇನು, ಆದ್ರ ರಿಟೈರ್ ಆದ ಹವಾಲ್ದಾರನ ಮಾತು ಯಾರ್ ಕೇಳ್ತಾರ್ಪಾ” ಎಂದರು. ಫೋನ್ ಮಾಡಿದರೋ ಇಲ್ಲವೋ ಗೊತ್ತಿಲ್ಲ. ಕಾಲೋನಿಗೆ ಹೋದೆ.

ಅಲ್ಲಿ ಆಗಲೇ ಎಲ್ಲರೂ ಗಂಗವ್ವ ಅತ್ತೆಯ ಮನೆಯ ಮುಂದೆ ಸೇರಿದ್ದರು. ಗಂಗವ್ವ ಅಪ್ಪನ ತಂಗಿ. ನನ್ನ ಅಣ್ಣನ ಮಗಳು ಸಂಗೀತಾ ಕಾನೂನು ಓದುತ್ತಾಳೆ. ಅವಳು ರಟ್ಟಿನ ಹಾಳೆಯ ಮೇಲೆ ಘೋಷಣೆ ಬರೆಯುತ್ತ ಕುಳಿತಿದ್ದಳು. ಅಮೆರಿಕದಲ್ಲಿ ಪೊಲೀಸರು ಕರಿಯ ಜನರನ್ನು ಬಣ್ಣ ನೋಡಿಯೇ ಹಿಡಿಯುತ್ತಾರೆ, ಹೊಡೆಯುತ್ತಾರೆ, ಅದರ ವಿರುದ್ಧ ಊರಿಗೆ ಊರೇ ಬೀದಿಗೆ ಇಳಿಯಿತು ಎಂದು ಫೋನಿನಲ್ಲಿ ಹೆಂಗಸರಿಗೆ ತೋರಿಸುತ್ತಿದ್ದಳು.

ಗಂಗವ್ವ ಕಣ್ಣು ಕಿರಿದು ಮಾಡಿ ನೋಡಿದಳು. “ಇವ್ರೂ ಸೆಟ್ಲಮೆಂಟಿನ ಮಂದಿ ಏನವಾ?”

“ಅವರ ಮುತ್ತ್ಯಾರನ್ನ ಗುಲಾಮರನ್ನ ಮಾಡಿ ಇಟ್ಟಿದ್ರು ಆಯಿ. ಓಡಿ ಹೋದವರನ್ನ ಹಿಡಿಯಾಕ ಕಾವಲು ಇರ್ತಿತ್ತು. ಆ ಕಾವಲ ಮುಂದ ಪೊಲೀಸ್ ಆತು ಅಂತಾರ. ಗುಲಾಮಗಿರಿ ಹೋತು, ಕಣ್ಣು ಬದಲಾಗಲಿಲ್ಲ.”

“ಅಂದ್ರ ಅವರ್ದೂ ನಮ್ಮಂಗ ಕಾಯ್ದೆ ಹೋಗಿ ಹಾಜರಿ ಉಳದೈತಿ” ಎಂದು ಗಂಗವ್ವ ನಿಟ್ಟುಸಿರು ಬಿಟ್ಟಳು. “ಅಷ್ಟ್ ದೊಡ್ಡ ದೇಶದಾಗೂ ಹಿಂಗ ಅಂದ್ರ ನಮ್ಮ ಪಾಡೇನು.”

ಸಂಗೀತಾ ಠಾಣೆಯ ಮುಂದೆ ಘೋಷಣೆ ಕೂಗೋಣ, ರಸ್ತೆ ತಡೆಯೋಣ ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಘೋಷಣೆ ಕೂಗಿದರೆ ಗಲಭೆ ಎನ್ನುತ್ತಾರೆ, ಇದ್ದ ಹುಡುಗರ ಮೇಲೆಲ್ಲ ಕೇಸು ಬೀಳುತ್ತದೆ, ನನ್ನ ನೌಕರಿಯೂ ಹೋಗುತ್ತದೆ. ನನಗೆ ಹೆದರಿಕೆಗಿಂತ ದಣಿವೇ ಹೆಚ್ಚಾಗಿತ್ತು. ಅಜ್ಜನ ಕಾಲದಿಂದ ಅದೇ ಠಾಣೆ, ಅದೇ ಕೈಮುಗಿಯುವುದು, ಅದೇ ವಿವರಣೆ. ನಾವು ಕಳ್ಳರಲ್ಲ ಎಂದು ಎಷ್ಟು ಸಲ ಹೇಳುವುದು.

ಗಂಗವ್ವ ಎದ್ದು ಸೆರಗು ಸರಿಮಾಡಿಕೊಂಡಳು. “ಒದರೂದ ಬ್ಯಾಡ. ಹಾಜರಿ ಕೊಟ್ಟದ್ದು ನಮ್ಮಣ್ಣನ ತಪ್ಪಾದ್ರ, ನಾವೂ ಕೊಡೂಣು ನಡೀರಿ. ಎಲ್ಲಾರೂ. ಜಳಕ ಮಾಡಿ ಬರ್ರಿ.”

ಮನೆಮನೆಯಲ್ಲಿ ಬಚ್ಚಲ ಸದ್ದು ಕೇಳಿತು. ಒಗೆದ ಬಟ್ಟೆ ಉಟ್ಟುಕೊಂಡು, ರೊಟ್ಟಿ ಕಟ್ಟಿಕೊಂಡು, ಬಾಗಿಲಿಗೆ ಚಿಲಕ ಹಾಕಿ ಎಲ್ಲರೂ ಹೊರಬಂದರು. ಬಾಣಂತಿ ಹುಡುಗಿಯೊಬ್ಬಳೂ ಕೂಸಿನೊಂದಿಗೆ ಬಂದಳು. ಸಂಗೀತಾ ತನ್ನ ರಟ್ಟುಗಳನ್ನು ಒಳಗಿಟ್ಟು ಬಂದಳು. ಅವಳ ಮುಖ ಸಣ್ಣದಾಗಿತ್ತು, ಇದೇನು ಚಳವಳಿ ಎಂದು ಅವಳಿಗೆ ಅನಿಸಿರಬೇಕು. ನಾನು ಖಾಕಿ ಬಟ್ಟೆಯಲ್ಲೇ ಇದ್ದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಪೇಟೆಯ ನಡುವೆ ನಡೆದು ಹೋದೆವು. ಅಂಗಡಿಯವರು ಹೊರಗೆ ಬಂದು ನೋಡಿದರು, ಒಂದಿಬ್ಬರು ಹೊರಗಿಟ್ಟ ಸಾಮಾನು ಒಳಗೆ ಸೇರಿಸಿದರು. ಠಾಣೆಯ ಅಂಗಳದಲ್ಲಿ ಗಂಗವ್ವ ಮುಂದೆ ನಿಂತಳು, ಅವಳ ಹಿಂದೆ ಉಳಿದವರು ಒಬ್ಬರ ಹಿಂದೊಬ್ಬರು ಸಾಲು ಹಚ್ಚಿದರು. ಹೇಗೆ ನಿಲ್ಲಬೇಕೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ನಾವ್ಯಾರೂ ಸೆಟ್ಲಮೆಂಟು ನೋಡಿದವರಲ್ಲ, ಆದರೂ ಗೊತ್ತಿತ್ತು.

ಸಾಹೇಬರು ಹೊರಗೆ ಬಂದರು. ಕಾನ್ಸ್ಟೆಬಲ್ಲರು ಲಾಠಿ ಹಿಡಿದು ಓಡಿಬಂದರು. ಗದ್ದಲವಿಲ್ಲ, ಕಲ್ಲಿಲ್ಲ, ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

“ಏನಿದು? ಯಾರು ಕರೆದ್ರು ನಿಮ್ಮನ್ನ?”

“ಯಾರೂ ಕರದಿಲ್ರಿ” ಎಂದಳು ಗಂಗವ್ವ. “ಕಳವ ಆಗೇತಿ ಅಂತ ಕೇಳಿದಿವಿ. ಅದಕ್ಕ ಬಂದೀವಿ. ನಮ್ಮಣ್ಣ ಮುಂಜಾನಿ ಬಂದ, ನಮಗ ತಡ ಆತು. ಅವನ್ನ ಹಿಡದ್ರ ನಮ್ಮನ್ನೂ ಹಿಡೀಬೇಕಲ್ರಿ. ಗಂಗವ್ವ, ಹಾಜರ್.”

ಅವಳು ಪಕ್ಕಕ್ಕೆ ಸರಿದು ನೆಲದ ಮೇಲೆ ಕುಳಿತಳು. ಹಿಂದಿನವಳು ಮುಂದೆ ಬಂದು ತನ್ನ ಹೆಸರು ಹೇಳಿದಳು. ಅವಳ ಹಿಂದೆ ಅವಳ ಗಂಡ. ಹೆಸರು, ಹಾಜರ್, ಪಕ್ಕಕ್ಕೆ ಕುಳಿತುಕೊಳ್ಳುವುದು. ಬಾಣಂತಿ ಹುಡುಗಿಯ ಸರದಿ ಬಂದಾಗ ತನ್ನ ಹೆಸರು ಹೇಳಿ, ಆಮೇಲೆ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅದರ ಹೆಸರನ್ನೂ ಹೇಳಿದಳು. ಹೀಗೆ ಮಾಡೆಂದು ಅವಳಿಗೆ ಯಾರು ಹೇಳಿದ್ದರೋ ನನಗೆ ಇಂದಿಗೂ ತಿಳಿಯದು. ನನ್ನ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. ಅವನು ಅಳುತ್ತಿರಲಿಲ್ಲ. ಕೂಸನ್ನು ನೋಡಿ ತಲೆ ಅಲ್ಲಾಡಿಸಿದ, ಬೇಡ ಎನ್ನುವಂತೆ.

ಅಂಗಳದ ಆ ಬದಿಯಲ್ಲಿ ಮದುವೆ ಮನೆಯವರು ನಿಂತಿದ್ದರು. ಅವರ ನಡುವೆ ಬೆಳಿಗ್ಗೆ ನನ್ನ ಬಸ್ಸಿಗೆ ಬಂದಿದ್ದ ದೊಡ್ಡ ಕುಂಕುಮದ ಹೆಂಗಸೂ ಇದ್ದಳು. ನನ್ನ ಸರದಿ ಬಂತು. ಬಸ್ಸು ಹತ್ತುವ ಮಂದಿಗೆಲ್ಲ ನಾನು ಬರೀ ಕಂಡಕ್ಟರ್ರು. ಯಾವ ಜಾತಿ ಎಂದು ಅವರ್ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎದುರಿಗೆ ಸಾಹೇಬರ ಖಾಕಿ, ನನ್ನ ಮೈಮೇಲೂ ಖಾಕಿ. ಹೆಸರು ಹೇಳಿದೆ, ಹಾಜರ್ ಎಂದೆ.

“ಕಂಡಕ್ಟರ್ರ, ನೀವು?” ಎಂದಳು ಆ ಹೆಂಗಸು.

“ಹೌದ್ರಿ ಅಕ್ಕಾರ. ಆ ಮುದುಕ ನಮ್ಮಪ್ಪ.”

ಅವಳು ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ಬೇರೆ ಕಡೆ ನೋಡಿದಳು.

ಪೇಟೆಯ ಜನ ಕಂಪೌಂಡಿನ ಹೊರಗೆ ನಿಂತು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಸಾಹೇಬರು ಸ್ವಲ್ಪ ಹೊತ್ತು ನಮ್ಮ ಸಾಲನ್ನೇ ನೋಡಿದರು. ಅವರ ಮುಖದ ಮೇಲೆ ಏನೋ ಒಂದು ಬಂದು ಹೋಯಿತು. ಅದು ನಾಚಿಕೆಯೋ, ಮೇಲಿನವರಿಗೆ ಉತ್ತರ ಕೊಡಬೇಕಲ್ಲ ಎಂಬ ಚಿಂತೆಯೋ ಹೇಳಲಾರೆ. ಸಾಲು ಇನ್ನೂ ಮುಗಿದಿರಲಿಲ್ಲ. “ಸಾಕು” ಎಂದರು. ಮತ್ತೆ ಮೆಲ್ಲಗೆ, “ಸಾಕು, ಕೂತ್ಕೊಳ್ಳಬೇಡಿ, ಎದ್ದೇಳಿ. ಮುದುಕನ್ನ ಕರ್ಕೊಂಡು ಹೋಗಿ” ಎಂದರು. ಒಳಗೆ ಹೋಗುವಾಗ ತಿರುಗಿ, “ಇನ್ಮೇಲೆ ಕರೆಯದೆ ಬರಬೇಡಿ” ಎಂದರು.

ಅಪ್ಪ ಮೆಟ್ಟಿಲ ಮೇಲೆಯೇ ನಿಂತ. ಕೈಮುಗಿದು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ: “ಸಾಹೇಬ್ರ, ಕರಿಯೂತನಕಾ ಮನ್ಯಾಗ ಕುಂತ್ರ ಬಡೀತಿದ್ರು. ಕರೀದ ಬಂದ್ರ ಕಳ್ಳ ಅಂತೀರಿ. ಹಂಗಾದ್ರ ನಾವು ಯಾವಾಗ ಬರೂದ್ರಿ?”

ಸಾಹೇಬರು ಒಳಗೆ ಹೋದರು. ಕ್ಷಮೆಯ ಮಾತು ಬರಲಿಲ್ಲ. ಬರುತ್ತದೆಂದು ನಾವು ಕಾದೂ ಇರಲಿಲ್ಲ. ಎಲ್ಲರೂ ಹೊರಗಿನ ಬೇವಿನ ಮರದ ಕೆಳಗೆ ಕುಳಿತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ತಿಂದೆವು. ಹಸಿವಾಗಿತ್ತು.

ಸಂಗೀತಾ ಅಷ್ಟಕ್ಕೆ ಬಿಡಲಿಲ್ಲ. ಕಳವಾದ ಕೂಡಲೇ ಕಾಲೋನಿಗೆ ಬರುವುದನ್ನು ನಿಲ್ಲಿಸಬೇಕು, ಜಾತಿ ನೋಡಿ ಹಿಡಿಯಬಾರದು ಎಂದು ಬೆಳಗಾವಿಯ ದೊಡ್ಡ ಸಾಹೇಬರಿಗೆ ಅರ್ಜಿ ಕೊಟ್ಟಳು. ಅಥಣಿ, ನಿಪ್ಪಾಣಿ ಕಡೆಯ ನಮ್ಮಂಥ ಜನರನ್ನೆಲ್ಲ ಸೇರಿಸಿ ಸಭೆ ಮಾಡಿದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಅವರು ಪರಿಶೀಲಿಸುತ್ತಲೇ ಇದ್ದಾರೆ. ಅವಳು ತಿರುಗುತ್ತಲೇ ಇದ್ದಾಳೆ. ನನಗೆ ಅವಳನ್ನು ನೋಡಿದರೆ ಹೆಮ್ಮೆಯಾಗುತ್ತದೆ, ಇಷ್ಟು ಚಿಕ್ಕ ವಯಸ್ಸಿಗೇ ಈ ದಣಿವು ಅವಳ ಪಾಲಿಗೂ ಬಂತಲ್ಲ ಎಂದು ಸಂಕಟವೂ ಆಗುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ದೊಡ್ಡ ಕುಂಕುಮದ ಆ ಹೆಂಗಸು ಮತ್ತೆ ನನ್ನ ಬಸ್ಸಿಗೆ ಹತ್ತಿದಳು. ಟಿಕೆಟ್ ತೆಗೆದುಕೊಳ್ಳುವಾಗ ಮುಖ ನೋಡಲಿಲ್ಲ. ಇಳಿಯುವ ಹೊತ್ತಿಗೆ ಬಾಗಿಲ ಬಳಿ ನಿಂತು ಮೆಲ್ಲಗೆ, “ಬೋರಮಾಳ ಸಿಕ್ತ್ರಿ ಕಂಡಕ್ಟರ್ರ. ಅವರ ಮನ್ಯಾಗ ಇತ್ತಂತ, ಪೆಟ್ಟಿಗ್ಯಾಗ, ಸೀರಿ ಮಡಕ್ಯಾಗ” ಅಂದಳು.

“ಠಾಣ್ಯಾಗ ಹೇಳ್ಯಾರೇನ್ರಿ?”

“ಅದನ್ನ ಹ್ಯಾಂಗ ಹೇಳ್ತಾರ್ರಿ. ಮನಿ ಮರ್ಯಾದಿ ಮಾತು” ಎಂದು ಇಳಿದು ಹೋದಳು. ನಾನು ಸೀಟಿ ಊದಿದೆ, ಬಸ್ಸು ಮುಂದೆ ಹೋಯಿತು. ಅವಳಾದರೂ ಬಂದು ಹೇಳಿದಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಪ್ಪನಿಗೆ ಅದನ್ನು ಹೇಳಿದೆ. ಅವನಿಗೆ ಬೋರಮಾಳದ ಮೇಲೆ ಆಸಕ್ತಿಯೇ ಇರಲಿಲ್ಲ. ಅವನಿಗೆ ಬೇಕಾದದ್ದು ಬೇರೆ. ಬದುಕಿನುದ್ದಕ್ಕೂ ಅವನಿಗೆ ಒಂದು ದಾರಿ ಗೊತ್ತಿತ್ತು, ತಾನಾಗಿ ಹೋದರೆ ಉಳಿಯುತ್ತೇನೆ ಎಂಬುದು. ಆ ಒಂದು ದಾರಿಯೂ ಈಗ ಮುಚ್ಚಿದೆ. ಊರಲ್ಲಿ ಎಲ್ಲಾದರೂ ಕಳವಾದ ಸುದ್ದಿ ಬಂದರೆ ಅಪ್ಪ ಹೊಸ್ತಿಲ ಹತ್ತಿರ ಕುಳಿತು, ಎದ್ದು, ಮತ್ತೆ ಕುಳಿತು, ನನ್ನ ಮುಖ ನೋಡುತ್ತಾನೆ. “ಹೋಗ್ಲ್ಯಾ? ಬ್ಯಾಡ?” ಎಂದು ಕೇಳುತ್ತಾನೆ. ಸಂಗೀತಾ ಬೇಡ ಎನ್ನುತ್ತಾಳೆ, ಗಂಗವ್ವ ಹೋದರೆ ಎಲ್ಲರೂ ಹೋಗೋಣ ಎನ್ನುತ್ತಾಳೆ. ಯಾವುದು ಸರಿ ಎಂದು ನನಗೆ ಗೊತ್ತಿಲ್ಲ. ಓದಿದ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅಪ್ಪ ಇನ್ನೂ ಇದ್ದಾನೆ, ಕೇಳುತ್ತಲೇ ಇದ್ದಾನೆ.